ಹೊಂಡ ತುಂಬಿದ ಮೇಲೆ

ದಲಿತ ವಿಮರ್ಶೆ ಎಂದ ಕೂಡಲೆ ನಮ್ಮ ಕೈ ಕತೆ, ಕಾದಂಬರಿ, ಕಾವ್ಯದ ಕಡೆಗೇ ಹೋಗುತ್ತದೆ. ಅದು ಬೇಕಾದ್ದೇ. ಆದರೆ ಜಾತಿ ತನ್ನನ್ನು ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯಲ್ಲಿ, ಕಕ್ಕಸಿನ ಹೊಂಡದಲ್ಲೂ ಬರೆದುಕೊಂಡಿದೆ. ಅದನ್ನು ಓದುವುದು ಹೇಗೆಂದು, ನಾನು ಪಾಠ ಹೇಳುವ ಈ ಉಡುಪಿ ಜಿಲ್ಲೆಯನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಉಡುಪಿಗೆ ಶುಚಿಯ ಹೆಮ್ಮೆ ಬಹಳ. ಅದಕ್ಕೆ ಕಾರಣವೂ ಉಂಟು. 1960ರ ದಶಕದ ಕೊನೆಗೆ ಡಾ. ವಿ. ಎಸ್. ಆಚಾರ್ಯ ಅಧ್ಯಕ್ಷರಾಗಿದ್ದ ಪುರಸಭೆ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿತು. ದೇಶದಲ್ಲೇ ನಾವು ಮೊದಲು ಎಂದು ಊರು ಈಗಲೂ ಹೇಳಿಕೊಳ್ಳುತ್ತದೆ. ಮುಂದೆ 1970ರ ದಶಕದಲ್ಲಿ ಅರಸು ಸರಕಾರದ ಸಚಿವ ಬಿ. ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲೇ ಅದನ್ನು ನಿಷೇಧಿಸಿದರು. ಬಯಲು ಶೌಚ ಮುಕ್ತವೆಂದು ಘೋಷಣೆಯಾದ ರಾಜ್ಯದ ಮೊದಲ ಜಿಲ್ಲೆಗಳಲ್ಲೂ ಉಡುಪಿ ಇದೆ. ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ತಲೆಯಿಂದ ಬುಟ್ಟಿ ಇಳಿದ ಮೇಲೆ ಆ ಕೆಲಸ ಎಲ್ಲಿಗೆ ಹೋಯಿತು? ಹೆಮ್ಮೆ ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಈ ಕರಾವಳಿಯಲ್ಲಿ ಶುಚಿ ಯಾರ ಮೈಮೇಲೆ ನಿಂತಿತ್ತು ಎಂದು ತಿಳಿಯಬೇಕಾದರೆ ಕೊರಗರ ಚರಿತ್ರೆಯನ್ನು ನೋಡಬೇಕು. 1909ರಲ್ಲಿ ಪ್ರಕಟವಾದ ಥರ್ಸ್ಟನ್‌ನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ 'ಅಂಡೆ ಕೊರಗ'ರ ವಿವರ ಬರುತ್ತದೆ. ಊರ ದಾರಿಯಲ್ಲಿ ಉಗುಳಿದರೆ ದಾರಿಗೆ ಮೈಲಿಗೆಯಂತೆ. ಅದಕ್ಕೇ ಅವರು ಕುತ್ತಿಗೆಗೆ ಪಾತ್ರೆ ಕಟ್ಟಿಕೊಂಡು ನಡೆಯಬೇಕಿತ್ತು. ಮೇಲ್ಜಾತಿಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ 'ಅಜಲು' ಪದ್ಧತಿಯನ್ನು ತಡೆಯಲು ಕರ್ನಾಟಕ ಸರಕಾರ 2000ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಇದೇ ಜನರನ್ನು ಮಂಗಳೂರು, ಉಡುಪಿಯ ಪುರಸಭೆಗಳು ಝಾಡಮಾಲಿಗಳಾಗಿ ಸೇರಿಸಿಕೊಂಡವು. ಊರಿನ ರೋಗ, ಊರಿನ ಹೇಲು ಎರಡನ್ನೂ ಒಂದೇ ಜನದ ಮೇಲೆ ಹೊರಿಸಿದ್ದು ಕಾಕತಾಳೀಯವೆ?

ಈಗ ಹೊಂಡದ ವಿಷಯಕ್ಕೆ ಬರೋಣ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆ ಹಳ್ಳಿಯ ಬಡವರ ಪಾಯಿಖಾನೆಗೆ 12,000 ರೂಪಾಯಿ ಕೊಟ್ಟು, ಅವಳಿ ಹೊಂಡ ಮಾಡಿ ಎಂದಿತು. ಅದರ ತಂತ್ರ ಸರಳ. ಒಂದು ಹೊಂಡ ತುಂಬಿದರೆ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟದ್ದು ಒಂದೂವರೆ-ಎರಡು ವರ್ಷದಲ್ಲಿ ವಾಸನೆ ಇಲ್ಲದ ಒಣ ಗೊಬ್ಬರವಾಗುತ್ತದೆ. ಮನೆಯ ಯಜಮಾನನೇ ಹಾರೆ ಹಿಡಿದು ತೆಗೆದು ತೆಂಗಿನ ಬುಡಕ್ಕೆ ಹಾಕಬಹುದು. ಜಾತಿಯ ಕೆಲಸವೊಂದನ್ನು ಇಲ್ಲದಂತೆ ಮಾಡುವ ತಂತ್ರ ಇದು.

ಆದರೆ ಜನ ಇದನ್ನು ಒಪ್ತಾರೆಯೆ? ಕಾಪು, ಕಾರ್ಕಳದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಕೇಳಿದೆ. "ನಮ್ಮದು ಒಂದೇ ದೊಡ್ಡ ಹೊಂಡ ಸರ್, ನಮ್ಮ ಕಾಲಕ್ಕೆ ತುಂಬೂದಿಲ್ಲ" ಎಂದರು. ತುಂಬಿದರೆ? "ಜನ ಬರ್ತಾರೆ." ಯಾವ ಜನ? ತರಗತಿ ಸುಮ್ಮನಾಯಿತು. ಡಯಾನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಉತ್ತರ ಭಾರತದ ಹಳ್ಳಿಗಳನ್ನು ನೋಡಿ 2017ರಲ್ಲಿ ಬರೆದ ಪುಸ್ತಕದ ವಾದವೂ ಇದೇ: ಹೊಂಡ ಖಾಲಿ ಮಾಡುವ ಕೆಲಸ ಅಸ್ಪೃಶ್ಯರದೆಂಬ ಭಾವನೆಯಿಂದಾಗಿ ಜನ ಸಣ್ಣ ಹೊಂಡವನ್ನು ಒಲ್ಲರು. ನಮಗಿಂತ ಬಡದೇಶವಾಗಿದ್ದಾಗಲೇ ಬಾಂಗ್ಲಾದೇಶ ಸಾದಾ ಹೊಂಡಗಳಿಂದ ಬಯಲು ಶೌಚವನ್ನು ಬಹುಪಾಲು ಕಳೆದುಕೊಂಡಿತು. ಬಡತನ, ಅನಕ್ಷರತೆ ಎಂದು ರಾಗ ಎಳೆಯುವವರು ಇದನ್ನು ಯೋಚಿಸಬೇಕು.

ಇನ್ನು ಭೂಮಿಯ ಪ್ರಶ್ನೆ. ಹೊಂಡಕ್ಕೂ ಬಾವಿಗೂ ಕನಿಷ್ಠ 10 ಮೀಟರ್ ಅಂತರ ಇರಬೇಕೆನ್ನುವುದು ಸಾಮಾನ್ಯ ನಿಯಮ. ಕಾಲನಿಯ ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್; ಚೌಕ ಮಾಡಿದರೆ ಒಂದು ಬದಿ 14 ಮೀಟರ್. ಇದರೊಳಗೇ ಮನೆ, ಬಾವಿ, ಹೊಂಡ ಎಲ್ಲ ಆಗಬೇಕು. ಪಕ್ಕದ ಮನೆಯ ಬಾವಿ ಗೋಡೆಯಾಚೆಗೇ ಇರುತ್ತದೆ. ಕಾಪುವಿನ ಹೊಯಿಗೆಯಲ್ಲಿ ಮಳೆಗಾಲಕ್ಕೆ ನೀರು ಮೇಲಕ್ಕೇ ಬಂದು ಹೊಂಡವನ್ನು ಮುಟ್ಟುತ್ತದೆ. ಕಾರ್ಕಳದ ಮುರಕಲ್ಲಿನ ತೂತುಗಳಲ್ಲಿ ಕೊಳಚೆ ಇಳಿದು ಬಾವಿ ಸೇರುತ್ತದೆ. ಎರಡು ಎಕ್ರೆ ತೋಟ ಇದ್ದವನಿಗೆ ಇದು ತೊಂದರೆಯೇ ಅಲ್ಲ. ಕೊರಗ ಕುಟುಂಬಕ್ಕೆ ಎರಡೂವರೆ ಎಕ್ರೆ ಭೂಮಿ ಕೊಡಿ ಎಂದ ಮಹಮ್ಮದ್ ಪೀರ್ ವರದಿಯನ್ನು ಆರೋಗ್ಯದ ವರದಿ ಎಂದೂ ಓದಬೇಕು.

ಪೇಟೆಯಲ್ಲಿ ಹೊಂಡದ ಜಾಗಕ್ಕೆ ಒಳಚರಂಡಿ ಬಂತು. 1953ರಿಂದ ವೈದ್ಯಕೀಯ ಕಾಲೇಜು ಇರುವ ಮಣಿಪಾಲದ ಗುಡ್ಡ ಇಳಿದು ಬಂದರೆ ಇಂದ್ರಾಣಿ ಹೊಳೆ. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಇದ್ದೂ ನಗರದ ಕೊಳಚೆ ಹೊಳೆ ಸೇರಿ ಕೆಳಗಿನ ಬಾವಿಗಳನ್ನು ಕೆಡಿಸುತ್ತದೆಂಬ ದೂರು ಹಳೆಯದು. ಮೇಲಿದ್ದವರು ನೀರು ಬಿಟ್ಟು ಮರೆಯುತ್ತಾರೆ, ಕೆಳಗಿದ್ದವರು ಕುಡಿಯುತ್ತಾರೆ. ಚರಂಡಿ ಕಟ್ಟಿಕೊಂಡರೆ ಇಳಿಯಬೇಕಾದವನು ಒಬ್ಬನಿರುತ್ತಾನೆ. 1993ರಲ್ಲೂ 2013ರಲ್ಲೂ ಕಾನೂನುಗಳು ಬಂದವು. ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಯಿತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಕೋಲಾರದ ಚಿನ್ನದ ಗಣಿಯ ಕಾಲನಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಕೇಳುತ್ತ ಬಂದಿರುವುದು ಹಣವನ್ನಲ್ಲ, ಈ ಸಾವುಗಳ ಕೊನೆಯನ್ನು.

ಭಾರತದಲ್ಲಿ ಝಾಡಮಾಲಿಯನ್ನು ಮಾಡುವುದು ಹುಟ್ಟೇ ಹೊರತು ಕೆಲಸವಲ್ಲ ಎಂಬುದು ಅಂಬೇಡ್ಕರರ 1945ರ ವಾದ. ಈ ಕೆಲಸಕ್ಕೆ ಗಾಂಧಿ ಕೊಟ್ಟ ಪಾವಿತ್ರ್ಯವನ್ನು ಅವರು ಒಪ್ಪಲಿಲ್ಲ. ಪಾವಿತ್ರ್ಯ ಬಂದರೂ ಬುಟ್ಟಿ ಅದೇ ಕೈಯಲ್ಲಿ ಉಳಿಯುತ್ತದಲ್ಲ! ಇಲ್ಲಿಂದ ಸಾಹಿತ್ಯಕ್ಕೆ ಮರಳಬಹುದು. ಕಾರಂತರ 'ಚೋಮನ ದುಡಿ'ಯನ್ನು ನಾವು ಭೂಮಿಯ ಆಸೆಯ ದುರಂತವೆಂದೇ ಪಾಠ ಮಾಡುತ್ತೇವೆ. ಅಲ್ಲಿ ಚೋಮನ ಮಗ ಮುಳುಗುವಾಗ ಮುಟ್ಟಿ ಎತ್ತುವ ಕೈ ಇಲ್ಲ. ಭೂಮಿಯನ್ನು ಕೊಡದ ಸಮಾಜವೇ ನೀರಿಗೂ ಕೈ ಹಾಕದು. ಮಡಿಯ ಒಂದೇ ಲೆಕ್ಕಾಚಾರ ಎರಡನ್ನೂ ನಡೆಸುತ್ತದೆ.

ಆದ್ದರಿಂದ ಗೆಳೆಯರೇ, ಪಾಯಿಖಾನೆ ಎಷ್ಟು ಕಟ್ಟಿದರು ಎಂಬ ಅಂಕಿಯನ್ನು ಕಂಡಾಗ ಇನ್ನೆರಡು ಪ್ರಶ್ನೆ ಸೇರಿಸಿ ಕೇಳೋಣ: ಹೊಂಡ ಯಾರ ಬಾವಿಯ ಪಕ್ಕದಲ್ಲಿದೆ? ತುಂಬಿದ ಮೇಲೆ ಬರುವವರು ಯಾರು? ಪಂಚಾಯತಿಯ ಗ್ರಾಮಸಭೆಯಲ್ಲಿ ಕೇಳೋಣ, ನಮ್ಮ ನಮ್ಮ ಮನೆಯಲ್ಲೂ ಕೇಳೋಣ. ಎರಡನೆಯದಕ್ಕೆ "ನಾವೇ" ಎಂದೋ "ಯಂತ್ರ" ಎಂದೋ ಉತ್ತರ ಬರುವ ತನಕ ಉಡುಪಿಯ ಶುಚಿ ಇನ್ನೊಬ್ಬರ ಮೈಮೇಲಿನ ಸಾಲವೇ.