ಮೂರನೆಯ ಸಲದ ನ್ಯಾಯ

ರೇಕ್ಯಾವಿಕ್ ನಗರದಲ್ಲಿ 1972ರಲ್ಲಿ ನಡೆದ ವಿಶ್ವ ಚದುರಂಗ ಸ್ಪರ್ಧೆಯ ಇಪ್ಪತ್ತನೆಯ ಆಟ. ಫಿಷರ್ ತೀರ್ಪುಗಾರ ಲೋಥಾರ್ ಷ್ಮಿಡ್‌ರನ್ನು ಕರೆದು, ಒಂದೇ ಸ್ಥಿತಿ ಮೂರನೆಯ ಸಲ ಬಂದಿತಾಗಿ ಆಟ ಡ್ರಾ ಎಂದು ಹಕ್ಕು ಮಂಡಿಸಿದನು. ಎದುರಾಳಿ ಸ್ಪಾಸ್ಕಿ ತಕರಾರೆತ್ತದೆ ಸಹಿ ಹಾಕಿಬಿಟ್ಟನು. ಆಮೇಲೆ ಲೆಕ್ಕ ನೋಡಿದವರಿಗೆ ಕಂಡದ್ದೇನು? ಕಾಯಿಗಳು ಮೂರು ಸಲವೂ ಅವೇ ಮನೆಗಳಲ್ಲಿದ್ದುವು, ನಿಜ. ಆದರೆ ಎರಡು ಸಲ ಆಡುವ ಸರದಿ ಕರಿಯವನದು, ಮೂರನೆಯ ಸಲ ಬಿಳಿಯವನದು. ನಿಯಮದ ದೃಷ್ಟಿಯಲ್ಲಿ ಅದು ಒಂದೇ ಸ್ಥಿತಿಯಲ್ಲ. ಜಗತ್ತಿನ ಇಬ್ಬರು ಮಹಾ ಆಟಗಾರರು ಜೊತೆಯಾಗಿಯೇ ಎಡವಿದ್ದರು!

ಗಣಕಯಂತ್ರವಾದರೆ ಹೀಗೆ ಎಡವಬೇಕಾಗಿಲ್ಲ. 1970ರಲ್ಲಿ ಆಲ್ಬರ್ಟ್ ಝೋಬ್ರಿಸ್ಟ್ ಎಂಬಾತ ತೋರಿಸಿಕೊಟ್ಟ ಉಪಾಯ ಬಲು ಸೊಗಸಾದುದು. ಪ್ರತಿಯೊಂದು ಕಾಯಿಗೂ ಪ್ರತಿಯೊಂದು ಮನೆಯಲ್ಲಿ ಒಂದೊಂದು ದೊಡ್ಡ ಸಂಖ್ಯೆ. ಅವೆಲ್ಲವನ್ನೂ ಬೆಸೆದರೆ ಇಡೀ ಹಾಸಿಗೆ ಒಂದೇ ಸಂಖ್ಯೆ. ಹಿಂದಿನ ಸಂಖ್ಯೆಗಳೊಡನೆ ಹೋಲಿಸಿದರೆ ಪುನರಾವರ್ತನೆ ಕ್ಷಣಮಾತ್ರದಲ್ಲಿ ಗೊತ್ತಾಗುತ್ತದೆ. ಆದರೆ ಸರದಿ ಯಾರದು, ರಾಜನಿಗೆ ಕ್ಯಾಸಲಿಂಗ್ ಹಕ್ಕು ಉಳಿದಿದೆಯೇ, ಎರಡು ಮನೆ ಹಾರಿಬಂದ ಕಾಲಾಳನ್ನು ದಾರಿಯಲ್ಲೇ ಹೊಡೆಯಲು ಸಾಧ್ಯವೇ ಎಂಬ ಅಂಶಗಳನ್ನೂ ಅದರಲ್ಲಿ ಸೇರಿಸಿರಬೇಕು. ಮರೆತರೆ ಯಂತ್ರವೂ ಫಿಷರನ ತಪ್ಪನ್ನೇ ಮಾಡೀತು, ಅದೂ ಅತಿವೇಗವಾಗಿ.

ನನಗೆ ಇದಕ್ಕಿಂತ ಮುಖ್ಯವಾಗಿ ತೋರುವುದು ಇನ್ನೊಂದು. ಮೂರನೆಯ ಸಲ ಬಂದ ಮಾತ್ರಕ್ಕೆ ಆಟ ತಾನಾಗಿ ಮುಗಿಯುವುದಿಲ್ಲ, ಸರದಿಯುಳ್ಳವನು ಕೇಳಬೇಕು. ಮುಂದಿನ ನಡೆಯಿಂದ ಆ ಸ್ಥಿತಿ ಬರುವಂತಿದ್ದರೆ, ಕಾಯಿ ಮುಟ್ಟದೆ ನಡೆಯನ್ನು ಬರೆದು ತೀರ್ಪುಗಾರನಿಗೆ ತಿಳಿಸಬೇಕು. ಹಕ್ಕು ಸುಳ್ಳಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚಿಗೆ ದೊರೆಯುತ್ತದೆ. ಕಾಲಾಳು ಕದಲದೆ, ಕಾಯಿ ಬೀಳದೆ ಇಬ್ಬರೂ ಐವತ್ತೈವತ್ತು ನಡೆ ಆಡಿದಾಗಲೂ ಹೀಗೆಯೇ, ಕೇಳಿದರೆ ಮಾತ್ರ ಡ್ರಾ. ಕೇಳದೆಯೂ ಆಟ ನಿಲ್ಲುವುದು ಅದೇ ಸ್ಥಿತಿ ಐದನೆಯ ಸಲ ಬಂದಾಗ, ಇಲ್ಲವೆ ಎಪ್ಪತ್ತೈದು ನಡೆಗಳಿಗೆ. ಈ ವಿಧಿ ಬಂದದ್ದು 2014ರಲ್ಲಿ.

ಆದುದರಿಂದ ಮೂರನೆಯ ಸಲಕ್ಕೇ ಆಟವನ್ನು ಮುಗಿಸಿಬಿಡುವ ಪ್ರೋಗ್ರಾಂ, ಆಟಗಾರನ ಹಕ್ಕನ್ನು ಅವನ ಕೈಯಿಂದ ಕಿತ್ತುಕೊಂಡಂತೆಯೇ ಸರಿ. ಗಮನಿಸದೆ ಸುಮ್ಮನಿದ್ದವನು ಮುಂದೆ ಸೋಲಬಹುದು; ಗಮನಿಸಿಯೂ ಗೆಲುವಿನಾಸೆಯಿಂದ ಸುಮ್ಮನಿದ್ದವನು ಗೆಲ್ಲಬಹುದು. ಇವೆರಡೂ ಆಟದೊಳಗಿನ ಮಾತೇ.

ಯೋಚಿಸುವಾಗ ಮಾತ್ರ ಯಂತ್ರವು ಮೊದಲ ಪುನರಾವರ್ತನೆಯನ್ನೇ ಡ್ರಾ ಎಂದೆಣಿಸುವುದುಂಟು. ಸುತ್ತಿದ ದಾರಿಯನ್ನೇ ಮತ್ತೆ ಸುತ್ತಿ ಹೊತ್ತು ಕಳೆಯದಿರಲು ಅದು ಜಾಣತನ. ಅದು ಎಣಿಕೆ, ತೀರ್ಪಲ್ಲ. ಯೋಚಿಸುವ ಯಂತ್ರಕ್ಕೆ ಈಗಿನ ಸ್ಥಿತಿಯನ್ನಷ್ಟೇ ತೋರಿಸಿ ಹಿಂದಿನ ನಡೆಗಳನ್ನು ಕೊಡದಿದ್ದರೆ, ಪಾಪ, ಅದಕ್ಕೆ ಪುನರಾವರ್ತನೆಯೇ ತಿಳಿಯದು. ಬಳಕೆಯಲ್ಲಿರುವ ಯುಸಿಐ ಎಂಬ ಸಂಭಾಷಣಾಕ್ರಮದಲ್ಲಂತೂ ಯಂತ್ರಕ್ಕೆ ಡ್ರಾ ಕೇಳುವ ಮಾತೇ ಇಲ್ಲ. ಅದರ ಪರವಾಗಿ ಕೇಳಬೇಕಾದುದು ಹಾಸನ್ನು ತೋರಿಸುವ ಪ್ರೋಗ್ರಾಂ.

ಹಾಗೆ ತೀರ್ಪುಗಾರನ ಕುರ್ಚಿಯಲ್ಲಿ ಕುಳಿತ ಪ್ರೋಗ್ರಾಂ ಇನ್ನೊಂದನ್ನೂ ನೋಡಿಕೊಳ್ಳಬೇಕು: ಎಪ್ಪತ್ತೈದನೆಯ ನಡೆಯೇ ರಾಜನನ್ನು ಕಟ್ಟಿಹಾಕಿದ್ದರೆ ಅದು ಡ್ರಾ ಅಲ್ಲ, ಗೆಲುವು.