ಮಳೆಗಾಲದಲ್ಲಿ ಒಂದು ನ್ಯಾಟ್

ಗಂಗೊಳ್ಳಿಯ ನನ್ನ ಹಳೆ ಶಿಷ್ಯನೊಬ್ಬ ಈಗ ಪಿಯುಸಿ. ರಜೆಗೆ ಬಂದ ಬಾಪ ದುಬೈಯಿಂದ ತಂದ ಪ್ಲಾಸ್ಟಿಕ್ ಕಿಟ್ ಜೋಡಿಸ್ತಿದ್ದಾನೆ: ನ್ಯಾಟ್ ಯುದ್ಧವಿಮಾನ, 1:72 ಅಳತೆ. ನಿಜವಾದ ನ್ಯಾಟ್‌ನ ರೆಕ್ಕೆಯ ಅಗಲ 7 ಮೀಟರೂ ಇಲ್ಲ. ಮಾದರಿಯಲ್ಲಿ ಅದು 9 ಸೆಂಟಿಮೀಟರ್ ಚಿಲ್ಲರೆ, ಅಂಗೈಯಲ್ಲಿ ಕೂರುತ್ತದೆ.

ವಿನ್ಯಾಸ ಬ್ರಿಟನ್ನಿನದಾದರೂ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ವಿಮಾನ ಇದು. 1965ರ ಯುದ್ಧದಲ್ಲಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಹುತಾತ್ಮರಾದ, ಪರಮವೀರ ಚಕ್ರದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ಇದನ್ನೇ. ಕಿಟ್ ಕೊಳ್ಳುವವರು ಒಂದು ನೋಡಿಕೊಳ್ಳಿ: ಯುದ್ಧ ಮಾಡಿದ್ದು ಒಂಟಿ ಸೀಟಿನದ್ದು. ಎರಡು ಸೀಟಿನದ್ದು ಬ್ರಿಟನ್ನಿನ ತರಬೇತಿ ವಿಮಾನ.

ಬಿಡಿಭಾಗಗಳನ್ನು ತಿರುಚಿ ಮುರಿಯಬಾರದು. ಕಟರಿನಲ್ಲಿ ಕತ್ತರಿಸಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಇದರ ಅಂಟು ಪ್ಲಾಸ್ಟಿಕನ್ನೇ ಕರಗಿಸಿ ಬೆಸೆಯುತ್ತದೆ, ಹೆಚ್ಚಾದರೆ ಕೆಲಸ ಕೆಟ್ಟಿತು. ಮೂತಿಯೊಳಗೆ ಭಾರ ಇಡದಿದ್ದರೆ ವಿಮಾನ ಬಾಲ ಊರಿ ಕೂರುತ್ತದೆ. ಹುಡುಗ ಗಾಳಕ್ಕೆ ಕಟ್ಟುವ ಸೀಸದ ಚೂರು ತುರುಕಿದ್ದಾನೆ. ಗಂಗೊಳ್ಳಿಯಲ್ಲಿ ಅದಕ್ಕೆ ಬರವೇ!

ಕಷ್ಟ ಶುರುವಾದದ್ದು ಫಿನಿಶಿಂಗಲ್ಲಿ. ವಾಯುಪಡೆಯ ಗುರುತಿನ ಚಿತ್ರಗಳನ್ನು ನೀರಲ್ಲಿ ನೆನೆಸಿ ಮೈಮೇಲೆ ಜಾರಿಸಿ ಕೂರಿಸಬೇಕು. ಬಣ್ಣದ ಮೇಲೆ ಮೊದಲೇ ಹೊಳಪಿನ ವಾರ್ನಿಶ್ ಇರದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿಂಚುತ್ತವೆ. ಆದರೆ ನಮ್ಮ ಜುಲೈ ತಿಂಗಳ ತೇವಕ್ಕೆ ಸ್ಪ್ರೇ ವಾರ್ನಿಶ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ.

ಬಾಪನ ರಜೆ ಇನ್ನು ಎಂಟೇ ದಿನ. "ಇವತ್ತೇ ಹೊಡೀಲಾ ಉಸ್ತಾದ್?" ಅಂತ ಕೇಳಿದ. ಹೊರಗೆ ಸುರೀತಾ ಇತ್ತು. ಬೇಡ, ಬಿಸಿಲು ಬರಲಿ ಅಂದೆ. ಬಾಪ ಅರ್ಧ ಆದದ್ದನ್ನೇ ನೋಡಿ ಹೊರಡಲಿ, ಮುಗಿದ ಮೇಲೆ ಫೋಟೋ ಕಳಿಸಿದರಾಯ್ತು.