ಪರರ ಆರೈಕೆಯಲ್ಲಿ ಹಿರಿಯರು

ಪುಣೆಯ ಹಡಪ್ಸರ ಭಾಗದಲ್ಲಿರುವ ಮಗರಪಟ್ಟಾ, ಈ ಶತಮಾನದ ಆರಂಭದವರೆಗೂ ಕೃಷಿಭೂಮಿ. ನೂರಕ್ಕೂ ಮಿಕ್ಕ ರೈತ ಕುಟುಂಬಗಳು ಸುಮಾರು 400 ಎಕರೆ ಹೊಲವನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ ಕಟ್ಟಿದ ಈ ಉಪನಗರಕ್ಕೆ, ಅಲ್ಲಿನ ಕಂಪ್ಯೂಟರ್ ಕಚೇರಿಗಳ ನೌಕರಿಗಾಗಿ ಧಾರವಾಡ, ಬೆಳಗಾವಿ, ಬೆಂಗಳೂರು ಕಡೆಗಳಿಂದ ಬಂದ ಕನ್ನಡಿಗರುಂಟು. ಮಕ್ಕಳು ನೆಲೆನಿಂತ ಮೇಲೆ ತಂದೆತಾಯಿಗಳೂ ಊರಮನೆಗೆ ಬೀಗ ಹಾಕಿ ಬರುತ್ತಾರೆ. ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರೆ, ಮೊದಲು ಬ್ಯೂರೊದಿಂದ ಒಬ್ಬ ಮಾವಶಿಯನ್ನು ಗೊತ್ತುಮಾಡುವುದು, ಅದೂ ಸಾಲದಾದಾಗ ಶುಶ್ರೂಷೆಯ ಏರ್ಪಾಡುಳ್ಳ ವೃದ್ಧಾಶ್ರಮವನ್ನು ಹುಡುಕುವುದು ಅನಿವಾರ್ಯವಾಗುತ್ತದೆ. ಇದರಲ್ಲಿ ನಾಚಬೇಕಾದುದೇನೂ ಇಲ್ಲ. ಆದರೆ ತಿಂಗಳ ಹಣ ಸಂದಾಯವಾದೊಡನೆ ಹೊಣೆ ತೀರಿತೆಂದು ತಿಳಿಯುವುದು ಅಪಾಯಕರ.

ಆರೈಕೆ ಮಾಡುವವರಿಂದಲೇ ವೃದ್ಧರಿಗೆ ಪೆಟ್ಟು ಬೀಳುವುದುಂಟೆಂಬ ಸಂಗತಿಯನ್ನು ವೈದ್ಯಲೋಕ ಬಹುಕಾಲ ಗಮನಿಸಲೇ ಇಲ್ಲ. ಬ್ರಿಟಿಷ್ ವೈದ್ಯಕೀಯ ಪತ್ರಿಕೆಗಳಲ್ಲಿ ಈ ಮಾತು ಸ್ಪಷ್ಟವಾಗಿ ಮೂಡಿದುದು 1975ರಲ್ಲಿ. ಶುಶ್ರೂಷಾಗೃಹಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರಂತೆ, ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯವನ್ನು ಎಸಗಿದುದಾಗಿ ತಾವೇ ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಹೊಡೆತ ಮಾತ್ರವಲ್ಲದೆ ಗದರಿಕೆ, ಅವಮಾನ, ಉಪೇಕ್ಷೆಗಳೂ ಈ ಲೆಕ್ಕದಲ್ಲಿ ಸೇರಿವೆ. ನಮ್ಮ ದೇಶದಲ್ಲಿಯೂ ಇದು ನಡೆಯುತ್ತದೆ. 2025ರ ಜೂನ್ ತಿಂಗಳಲ್ಲಿ ದೆಹಲಿಗೆ ಹೊಂದಿಕೊಂಡ ನೊಯ್ಡಾದ ವೃದ್ಧಾಶ್ರಮವೊಂದನ್ನು ಅಧಿಕಾರಿಗಳು ತಪಾಸಿಸಿದಾಗ, ಕಟ್ಟಿಹಾಕಲ್ಪಟ್ಟ ಹಾಗೂ ಕೋಣೆಗಳಲ್ಲಿ ಕೂಡಿಹಾಕಲ್ಪಟ್ಟ ವೃದ್ಧರು ಕಂಡುಬಂದರು.

ಇಂಥ ಕೃತ್ಯ ಎಸಗುವವರೆಲ್ಲ ಸ್ವಭಾವತಃ ಕ್ರೂರಿಗಳಲ್ಲ. ಹನ್ನೆರಡು ತಾಸಿನ ಪಾಳಿ, ಅಲ್ಪ ಸಂಬಳ, ರಾತ್ರಿಯಲ್ಲಿ ಹತ್ತಾರು ರೋಗಿಗಳಿಗೆ ಒಬ್ಬಳೇ ಆಯಾ. ಡಿಮೆನ್ಷಿಯಾ ಎಂಬ ಮರೆವಿನ ರೋಗಕ್ಕೆ ಈಡಾದವರು ಸ್ನಾನ ಮಾಡಿಸುವಾಗ ಪರಚುವುದು, ಉಗುಳುವುದು ಸಾಮಾನ್ಯ. ತರಬೇತಿಯಿಲ್ಲದ ಕೈ ಆಗ ಬಿರುಸಾಗುತ್ತದೆ. ಆದ್ದರಿಂದ ಆಶ್ರಮವನ್ನು ನೋಡಲು ಹೋದವರು ಹೂದೋಟವನ್ನೂ ದೇವರಕೋಣೆಯನ್ನೂ ಕಂಡು ಮರುಳಾಗದೆ, ರಾತ್ರಿಯ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಎಂಬುದನ್ನು ಮೊದಲು ಕೇಳತಕ್ಕದ್ದು.

ಹೊರನಾಡ ಕನ್ನಡಿಗರಿಗೆ ಇದರ ಮೇಲೊಂದು ತೊಡಕು ಭಾಷೆಯದು. ಡಿಮೆನ್ಷಿಯಾ ರೋಗದಲ್ಲಿ, ನಡುವಯಸ್ಸಿನಲ್ಲಿ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಮಾಸುತ್ತದೆ, ತಾಯ್ನುಡಿ ಉಳಿಯುತ್ತದೆ. ಮೂವತ್ತು ವರ್ಷ ಮರಾಠಿ, ಹಿಂದಿಗಳಲ್ಲಿ ವ್ಯವಹರಿಸಿದವರೂ ಕೊನೆಗೆ ಕನ್ನಡವನ್ನಷ್ಟೇ ಆಡತೊಡಗುವುದುಂಟು. ಮುದುಕಿಯೊಬ್ಬಳು “ಒಂದಕ್ಕ ಹೋಗಬೇಕು” ಎಂದರೆ ಮರಾಠಿ ಮಾವಶಿಗೆ ಏನು ತಿಳಿಯಬೇಕು? ಹಾಸಿಗೆ ಒದ್ದೆಯಾಗುತ್ತದೆ, ಬೈಗುಳ ಬೀಳುತ್ತದೆ, ಮರುದಿನ ನೀರು ಕೊಡುವುದನ್ನೇ ಕಡಿಮೆ ಮಾಡುತ್ತಾರೆ. “ನೀರಡಿಕೆ ಆಗ್ಯದ” ಎಂಬ ಮೊರೆಯೂ ಹಾಗೆಯೇ ವ್ಯರ್ಥ. ಇನ್ನು ದೂರು ಹೇಳುವುದಾದರೂ ಯಾರಿಗೆ, ಯಾವ ಭಾಷೆಯಲ್ಲಿ? ನೀರು, ಊಟ, ನೋವು, ಚಳಿ, ಒಂದಕ್ಕೆ, ಎರಡಕ್ಕೆ, ಬೇಡ, ಭಯ ಮುಂತಾದ ಇಪ್ಪತ್ತು ಮಾತುಗಳನ್ನು ನಾಗರೀ ಲಿಪಿಯಲ್ಲಿ, ಮರಾಠಿ ಅರ್ಥದೊಡನೆ, ದೊಡ್ಡ ಅಕ್ಷರಗಳಲ್ಲಿ ಬರೆದು ಮಂಚದ ತಲೆಯ ಬಳಿ ಅಂಟಿಸಬಹುದು. ಖರ್ಚಿಲ್ಲದ ಈ ಉಪಾಯ ಅನೇಕ ಗದರಿಕೆಗಳನ್ನು ತಪ್ಪಿಸೀತು. ವಾರಕ್ಕೊಮ್ಮೆ ಕನ್ನಡ ಬಲ್ಲವರೊಬ್ಬರು ಹೋಗಿ ಏಕಾಂತದಲ್ಲಿ ಮಾತನಾಡಿಸುವುದು ಇದಕ್ಕಿಂತಲೂ ಮುಖ್ಯ. ಮಗ ಅಮೆರಿಕದಲ್ಲಿದ್ದರೆ ಕನ್ನಡ ಸಂಘದ ನೆರೆಯವರೇ ಈ ಕೆಲಸವನ್ನು ವಹಿಸಿಕೊಳ್ಳಬಹುದು. ಹೋಗುವ ದಿನವೂ ವೇಳೆಯೂ ನಿಶ್ಚಿತವಾಗಿರಬಾರದು. ಸಿಬ್ಬಂದಿಯೆದುರು “ಎಲ್ಲ ಚೆನ್ನಾಗಿದೆ” ಎನ್ನುವ ವೃದ್ಧರು, ಬಾಗಿಲು ಮುಚ್ಚಿದ ಮೇಲೆ ಬೇರೆಯೇ ಮಾತನ್ನಾಡಿಯಾರು. ಮರೆವಿನ ರೋಗಿಯ ಮಾತೆಂದು ಅದನ್ನು ತಳ್ಳಿಹಾಕಲಾಗದು.

ಮಾತು ನಿಂತವರಲ್ಲಿ ದೇಹವೇ ಸಾಕ್ಷಿ. ವಯಸ್ಸಾದವರ ಚರ್ಮ ತೆಳುವು; ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗಂತೂ ಸಣ್ಣ ತಾಗುವಿಕೆಗೂ ಮುಂಗೈ ಕಪ್ಪಾಗುತ್ತದೆ. ಅಂಥ ಕಲೆಗಳಿಗೆಲ್ಲ ಗಾಬರಿ ಬೇಡ. ಆದರೆ ಮುಖ, ಕುತ್ತಿಗೆ, ಬೆನ್ನು, ಮೇಲ್ದೋಳಿನ ಹೊರಮೈಗಳಲ್ಲಿ 5 ಸೆಂಟಿಮೀಟರಿಗಿಂತ ದೊಡ್ಡ ಕಂದುಗಲೆಗಳು, ಮಣಿಕಟ್ಟಿನ ಸುತ್ತ ಬಳೆಯಂತಹ ಗುರುತು ಇದ್ದಲ್ಲಿ ವಿಚಾರಿಸಲೇಬೇಕು. ತ್ರಿಕಾಸ್ಥಿ, ಹಿಮ್ಮಡಿಗಳ ಮೇಲಿನ ಹಾಸಿಗೆ ಹುಣ್ಣುಗಳು, ಎರಡು ತಾಸಿಗೊಮ್ಮೆಯಾದರೂ ಮಗ್ಗುಲು ಬದಲಿಸುವ ಕೆಲಸ ಸರಿಯಾಗಿ ನಡೆಯುತ್ತಿಲ್ಲವೆಂಬುದರ ಸೂಚನೆಯಾಗಿರಬಹುದು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವಂತೆ ಕೇಳಿದರೆ, ಊಟ ಒಳಗೆ ಹೋಗುತ್ತಿದೆಯೋ ತಟ್ಟೆಯಲ್ಲೇ ಹಿಂದಿರುಗುತ್ತಿದೆಯೋ ತಿಳಿಯುತ್ತದೆ.

ಹಗ್ಗವಿಲ್ಲದೆಯೂ ಕಟ್ಟಿಹಾಕಬಹುದು. ಗಲಾಟೆ ಮಾಡುವ ರೋಗಿಯನ್ನು ಸುಮ್ಮನಾಗಿಸಲು ಮಾನಸಿಕ ರೋಗದ ಮಾತ್ರೆಗಳನ್ನು ನುಂಗಿಸುವ ಪರಿಪಾಠವಿದೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇಂಥ ಔಷಧಗಳಿಂದ ಸಾವಿನ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೂ 2008ರಲ್ಲಿಯೂ ಎಚ್ಚರಿಸಿದೆ. ಸಿಬ್ಬಂದಿಯ ಅನುಕೂಲಕ್ಕಾಗಿ ಔಷಧದಿಂದಾಗಲಿ ಪಟ್ಟಿಯಿಂದಾಗಲಿ ಕಟ್ಟಿಹಾಕುವುದನ್ನು ಆ ದೇಶ 1987ರ ಕಾಯಿದೆಯಲ್ಲಿಯೇ ನಿಷೇಧಿಸಿತು. ಕಳೆದ ಭೇಟಿಯಲ್ಲಿ ಮಾತನಾಡುತ್ತಿದ್ದವರು ಈ ಸಲ ಹಗಲೆಲ್ಲ ತೂಕಡಿಸುತ್ತಿದ್ದರೆ, ಔಷಧಗಳ ಪಟ್ಟಿಯನ್ನು ಕೇಳಿ ಪಡೆದು ಕುಟುಂಬದ ವೈದ್ಯರಿಗೆ ತೋರಿಸತಕ್ಕದ್ದು.

ಕಾನೂನಿನ ಆಸರೆ ಇದೆ, ಆದರೆ ತೆಳ್ಳಗೆ. 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಜೀವನಾಂಶದ ಮಾತು ವಿಸ್ತಾರವಾಗಿದೆ. ಖಾಸಗಿ ಆಶ್ರಮಗಳ ಗುಣಮಟ್ಟದ ಮಾತು ಇಲ್ಲವೆನ್ನಬಹುದು. ಆರೈಕೆ ಗೃಹಗಳಿಗೂ ಮನೆಗೆ ದಾದಿಯರನ್ನು ಕಳಿಸುವ ಸಂಸ್ಥೆಗಳಿಗೂ ನೋಂದಣಿ ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತಾದರೂ, ಅಂಗೀಕಾರವಾಗದೆ 2024ರಲ್ಲಿ ಆ ಸಭೆಯೊಂದಿಗೇ ಬಿದ್ದುಹೋಯಿತು. ಹೊಡೆತಕ್ಕೆ ಸಾಮಾನ್ಯ ದಂಡಸಂಹಿತೆ ಅನ್ವಯಿಸುತ್ತದೆ. ಜೊತೆಗೆ, ಅಸಹಾಯಕರನ್ನು ನೋಡಿಕೊಳ್ಳುವ ಕರಾರು ಮಾಡಿಕೊಂಡು ಬೇಕೆಂದೇ ತಪ್ಪಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮಿನಂತೆ ಮೂರು ತಿಂಗಳ ಸೆರೆ ಅಥವಾ 5000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಹಳೆಯ 1860ರ ಸಂಹಿತೆಯಲ್ಲಿ ಈ ದಂಡ 200 ರೂಪಾಯಿ ಮಾತ್ರ! ಕರಾರಿನ ಮಾತು ಬಂದುದರಿಂದ, ಏನೇನು ಸೇವೆ, ದಿನಕ್ಕೆಷ್ಟು ಸಲ ಎಂಬುದು ಸೇರುವಾಗಲೇ ಬರವಣಿಗೆಯಲ್ಲಿರಬೇಕು.

ಸಂಶಯ ಬಂದೊಡನೆ ಗಾಯದ ಛಾಯಾಚಿತ್ರ ತೆಗೆದು ತಾರೀಖು ಬರೆದಿಟ್ಟು, ಹೊರಗಿನ ವೈದ್ಯರಿಂದ ಪರೀಕ್ಷೆ ಮಾಡಿಸಿ ದಾಖಲೆ ಪಡೆಯಬೇಕು. ಹಿರಿಯರ ಸಹಾಯವಾಣಿ 14567, ತುರ್ತಾದರೆ ಪೊಲೀಸ್ ನೆರವಿಗೆ 112. ದೂರು ಕೊಟ್ಟ ಮೇಲೆ ಅದೇ ಕೈಗಳಲ್ಲಿ ಹಿರಿಯರನ್ನು ಆ ರಾತ್ರಿಯೂ ಬಿಟ್ಟುಬರುವಂತಿಲ್ಲ. ಬೇರೆ ಸ್ಥಳವಿಲ್ಲದ ಕಾರಣಕ್ಕೇ ಎಷ್ಟೋ ಮಕ್ಕಳು ಕಂಡೂ ಕಾಣದಂತಿರುತ್ತಾರೆ. ಆಶ್ರಮಕ್ಕೆ ಸೇರಿಸುವ ದಿನವೇ ಎರಡನೆಯದೊಂದು ಸ್ಥಳವನ್ನು ನೋಡಿಟ್ಟುಕೊಂಡವರಿಗೆ ಆ ಇಕ್ಕಟ್ಟು ಇರುವುದಿಲ್ಲ.